‘ದಿ’ ಎಂದರೆ ‘ಆ’ ಅಲ್ಲ

ಮಟ್ಟಾಂಚೇರಿಯ ಬೀದಿಗಳು ಕೇಳಿಸಿಕೊಂಡ ಭಾಷೆಗಳನ್ನು ಎರಡು ಸಾಲುಗಳಲ್ಲಿ ನಿಲ್ಲಿಸಬಹುದು. ಪೋರ್ಚುಗೀಸ್, ಡಚ್, ಅರಬ್ಬಿ, ಹೀಬ್ರೂ, ಇಂಗ್ಲಿಷ್: ಇವುಗಳಲ್ಲಿ ಆರ್ಟಿಕಲ್ ಉಂಟು. ಮಲಯಾಳ, ಕೊಂಕಣಿ, ಗುಜರಾತಿ, ತಮಿಳು, ನಮ್ಮ ಕನ್ನಡ: ಇವುಗಳಲ್ಲಿ ಇಲ್ಲ. ಇದನ್ನು ಕನ್ನಡದ ಕೊರತೆಯೆಂದು ನಮ್ಮ ಮಕ್ಕಳು ನಂಬತೊಡಗಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ.

‘ಎ’ ಎಂದರೆ ‘ಒಂದು’, ‘ದಿ’ ಎಂದರೆ ‘ಆ’ ಎಂದು ಹೇಳಿ ಪಾಠ ಮುಗಿಸುವ ರೂಢಿಯಿದೆ. ಹಾಗಾದರೆ ‘ದಿ ಸನ್’ ಯಾವ ಸೂರ್ಯ? ಇರುವವನು ಒಬ್ಬನೇ, ಬೆರಳು ಮಾಡಿ ತೋರಿಸುವ ಅಗತ್ಯವಿಲ್ಲ. ‘ದಿ’ ಬೆರಳು ಮಾಡುವುದಿಲ್ಲ. ‘ಯಾವುದೆಂದು ನಿನಗೂ ಗೊತ್ತು’ ಎಂದಷ್ಟೇ ಕೇಳುವವನಿಗೆ ಸೂಚಿಸುತ್ತದೆ.

ಈ ಸೂಚನೆಯನ್ನು ಕನ್ನಡವೂ ಕೊಡುತ್ತದೆ, ಬೇರೆ ಜಾಗದಲ್ಲಿ. ‘ಪುಸ್ತಕ ಕೊಂಡೆ’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಕೊಂಡೆ’ ಎಂದರೆ ಸಾಮಾನ್ಯವಾಗಿ ಮೊದಲೇ ಮಾತಿಗೆ ಬಂದದ್ದು. (ಮನುಷ್ಯರ ವಿಷಯದಲ್ಲಿ ‘ಅನ್ನು’ ಹೇಗೂ ಬರುತ್ತದೆ, ಅಲ್ಲಿ ಈ ಗುರುತು ನಡೆಯದು.) ಅಜ್ಜಿಯ ಕಥೆ ‘ಊರೊಂದರಲ್ಲಿ ರಾಜನೊಬ್ಬನಿದ್ದ’ ಎಂದು ಶುರುವಾಗುತ್ತದೆ; ಮರುವಾಕ್ಯದಲ್ಲಿ ‘ರಾಜನಿಗೆ ಮೂವರು ಮಕ್ಕಳು’. ‘ಒಬ್ಬ’ ಉದುರಿದ ಆ ಜಾಗದಲ್ಲಿಯೇ ಇಂಗ್ಲಿಷಿನ ‘ಎ ಕಿಂಗ್’ ‘ದಿ ಕಿಂಗ್’ ಆಗುತ್ತಾನೆ. ಮಗುವಿಗೆ ಈ ಎರಡು ವಾಕ್ಯ ತೋರಿಸಿದರೆ ನಿಯಮದ ಅರ್ಧ ತಿಳಿದಂತೆ.

ಉಳಿದರ್ಧದಲ್ಲಿ ಇಂಗ್ಲಿಷಿನ ಹಟವಿದೆ. ಪೋರ್ಚುಗೀಸರು ಕಟ್ಟಿಸಿ, 1663ರಲ್ಲಿ ಡಚ್ಚರು ದುರಸ್ತಿ ಮಾಡಿಸಿದ ಇಲ್ಲಿನ ಅರಮನೆಯನ್ನೇ ನೋಡಿ: ‘ಮಟ್ಟಾಂಚೇರಿ ಪ್ಯಾಲೆಸ್’ ಎಂದರೆ ಆರ್ಟಿಕಲ್ ಬೇಡ, ‘ಡಚ್ ಪ್ಯಾಲೆಸ್’ ಎಂದರೆ ‘ದಿ’ ಬೇಕು. ಕಟ್ಟಡ ಒಂದೇ. ಮೊದಲಿನದರಲ್ಲಿ ಊರಿನ ಹೆಸರೇ ಗುರುತು ಹೇಳಿಬಿಡುತ್ತದೆ, ಎರಡನೆಯದರಲ್ಲಿರುವುದು ಬರಿಯ ವಿಶೇಷಣ. ಇನ್ನು ‘ಆ್ಯನ್’ ಬರುವುದು ಅಕ್ಷರ ನೋಡಿ ಅಲ್ಲ, ಉಚ್ಚಾರ ಕೇಳಿ: ‘ಆ್ಯನ್ ಅವರ್’, ಆದರೆ ‘ಎ ಯೂನಿವರ್ಸಿಟಿ’. ‘ಎಗ್’ ಅನ್ನು ‘ಯೆಗ್’ ಎನ್ನುವ ನಮ್ಮ ನಾಲಿಗೆಗೆ ಇಲ್ಲಿ ಕಿವಿಯೂ ಮೋಸ ಮಾಡುತ್ತದೆ.

ನಮಗೆ ಹೆಚ್ಚು ಕಳವಳವಿರುವುದು ಮರುದಾರಿಯ ಬಗ್ಗೆ. ಇಂಗ್ಲಿಷಿನಲ್ಲಿ ‘ದಿ’ ಬಿಟ್ಟ ಮಗುವನ್ನು ಶಾಲೆ ತಿದ್ದುತ್ತದೆ. ‘ಅಮ್ಮ ವೈದ್ಯೆ’ ಎನ್ನಬೇಕಾದ ಮಗು ‘ಅಮ್ಮ ಒಬ್ಬ ವೈದ್ಯೆ’ ಎಂದರೆ, ‘ಇದು ಒಂದು ಒಳ್ಳೆಯ ವಿಚಾರ’ ಎಂದು ಬರೆದರೆ, ಇಲ್ಲಿ ತಿದ್ದುವವರು ಮನೆಯವರನ್ನು ಬಿಟ್ಟರೆ ಯಾರೂ ಇಲ್ಲ.