ಬೆಳಕಿನ ಅಲೆಗಳು ಮತ್ತು ನಮ್ಮ ಮಕ್ಕಳ ಪ್ರಶ್ನೆ

ಮಳೆಗಾಲದಲ್ಲಿ ಧಾರವಾಡದ ಯಾವುದೇ ಮಸೀದಿಯಿಂದ ಜುಮಾ ನಮಾಝ್ ಮುಗಿಸಿ ಹೊರಬಂದರೂ ಕಾಣಸಿಗುವ ದೃಶ್ಯವೊಂದಿದೆ. ಒದ್ದೆಯಾದ ರಸ್ತೆಯ ಮೇಲೆ ವಾಹನದಿಂದ ಸೋರಿದ ಎಣ್ಣೆ ಹರಡಿ, ನೇರಳೆ, ಹಸಿರು, ಹೊಂಬಣ್ಣಗಳ ಬಳೆಗಳು ಮೂಡಿರುತ್ತವೆ. ತಂದೆಯ ಕೈ ಹಿಡಿದ ಮಗು ಅಲ್ಲಿ ನಿಂತುಬಿಡುತ್ತದೆ. "ಅಬ್ಬಾ, ನೀರಿಗೆ ಬಣ್ಣವೇ ಇಲ್ಲ. ಇಷ್ಟು ಬಣ್ಣ ಎಲ್ಲಿಂದ ಬಂತು?" ಎಂದು ಕೇಳುತ್ತದೆ. "ಅಲ್ಲಾಹನ ಕುದ್ರತ್ ಮಗನೇ, ನಡಿ" ಎಂದು ನಾವು ಕೈ ಎಳೆಯುತ್ತೇವೆ.

ಆ ಉತ್ತರ ಸುಳ್ಳಲ್ಲ. ಆದರೆ ಅದನ್ನು ನಾವು ಹೇಳುವ ರೀತಿಯಲ್ಲಿ ತಪ್ಪಿದೆ. ಸೃಷ್ಟಿಕರ್ತನ ಸಾಮರ್ಥ್ಯದ ಮಾತು ಪ್ರಶ್ನೆಯ ಆರಂಭವಾಗಬೇಕಿತ್ತು. ನಾವು ಅದನ್ನು ಪ್ರಶ್ನೆಯ ಬಾಯಿ ಮುಚ್ಚಿಸಲು ಬಳಸುತ್ತಿದ್ದೇವೆ.

ಮಗುವಿನ ಪ್ರಶ್ನೆಗೆ ಉತ್ತರವಿದೆ. ಕೆಲಗೇರಿ ಕೆರೆಯ ನಿಶ್ಚಲ ನೀರಿಗೆ ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆದರೆ ಎರಡು ಕಡೆಯಿಂದಲೂ ಅಲೆಗಳು ಹರಡುತ್ತವೆ. ಒಂದರ ಉಬ್ಬು ಇನ್ನೊಂದರ ಉಬ್ಬಿನೊಡನೆ ಸೇರಿದಲ್ಲಿ ನೀರು ಹೆಚ್ಚು ಏರುತ್ತದೆ. ಉಬ್ಬು ತಗ್ಗಿನೊಡನೆ ಸೇರಿದಲ್ಲಿ ನೀರು ಅಲುಗದೆ ನಿಲ್ಲುತ್ತದೆ. ಇದನ್ನೇ ವ್ಯತಿಕರಣ ಎನ್ನುತ್ತಾರೆ. ಬೆಳಕೂ ಅಲೆಯಂತೆ ವರ್ತಿಸುತ್ತದೆ. ಅದರ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಎಣ್ಣೆಯ ತೆಳುಪೊರೆಯ ಮೇಲ್ಮೈಯಿಂದ ಒಂದಿಷ್ಟು ಬೆಳಕು ಹಿಂತಿರುಗಿದರೆ, ಕೆಳಮೈಯಿಂದ ಇನ್ನೊಂದಿಷ್ಟು ಹಿಂತಿರುಗುತ್ತದೆ. ಈ ಎರಡೂ ಸೇರುವಾಗ ಪೊರೆಯ ದಪ್ಪಕ್ಕೆ ಅನುಗುಣವಾಗಿ ಕೆಲವು ಬಣ್ಣಗಳು ಅಳಿಯುತ್ತವೆ, ಕೆಲವು ಬೆಳಗುತ್ತವೆ. ನಾವು ಕಂಡ ಬಣ್ಣ ಎಣ್ಣೆಯದ್ದೂ ಅಲ್ಲ, ನೀರಿನದ್ದೂ ಅಲ್ಲ. ಅದು ಬೆಳಕಿನೊಳಗೇ ಇತ್ತು.

ಬೆಳಕಿನ ಪ್ರಸ್ತಾಪ ಬಂದಾಗ ನಮ್ಮ ಸಭೆಗಳಲ್ಲಿ ಇಬ್ನ್ ಅಲ್-ಹೈಸಮ್‌ರ ಹೆಸರು ತಪ್ಪದೆ ಕೇಳಿಬರುತ್ತದೆ. ಸುಮಾರು ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಜನಿಸಿ ಕೈರೋದಲ್ಲಿ ಬಾಳಿದ ಆ ವಿದ್ವಾಂಸರ ಏಳು ಭಾಗಗಳ 'ಕಿತಾಬ್ ಅಲ್-ಮನಾಝಿರ್' ದೃಗ್ವಿಜ್ಞಾನದ ಮಹಾಗ್ರಂಥವೆಂಬುದು ನಿಜ. ಆದರೆ ಬೆಳಕು ಅಲೆಯೆಂದು ಅವರೇ ಕಂಡುಹಿಡಿದರು ಎಂದು ಹೇಳುವವರಿದ್ದಾರೆ. ಅವರು ಹಾಗೆ ಹೇಳಿರಲಿಲ್ಲ. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದ ನಾವು ನೋಡುತ್ತೇವೆ, ಬೆಳಕು ಸರಳರೇಖೆಯಲ್ಲಿ ಸಾಗುತ್ತದೆ ಎಂಬುದನ್ನು ಅವರು ಪರೀಕ್ಷಿಸಿ ತೋರಿಸಿದರು. ಕತ್ತಲ ಕೋಣೆಯ ರಂಧ್ರವೊಂದರ ಹೊರಗೆ ಹಲವು ದೀಪಗಳನ್ನಿಟ್ಟು, ಒಳಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಮೂಡುವುದನ್ನು ಕಂಡರು. ಒಂದು ದೀಪವನ್ನು ಮರೆಮಾಡಿದರೆ ಅದರ ಚುಕ್ಕೆ ಮಾತ್ರ ಅಳಿಯುತ್ತಿತ್ತು. ಒಂದೇ ರಂಧ್ರದಲ್ಲಿ ಹಾದುಬಂದರೂ ಬೆಳಕುಗಳು ಒಂದನ್ನೊಂದು ಕೆಡಿಸಲಿಲ್ಲ.

ಎಂಟು ಶತಮಾನಗಳ ನಂತರ ಲಂಡನ್ನಿನಲ್ಲಿ ಥಾಮಸ್ ಯಂಗ್ ಎಂಬ ವೈದ್ಯರೂ ಕಿಟಕಿಯ ರಂಧ್ರವನ್ನೇ ಆಶ್ರಯಿಸಿದರು. ಬೆಳಕು ಅಲೆಯಾಗಿ ಸಾಗುತ್ತದೆಂದು ಹೈಗೆನ್ಸ್ 1690ರಲ್ಲೇ ಬರೆದಿದ್ದರೂ, ಅದು ಕಣಗಳ ಪ್ರವಾಹವೆಂಬ ನ್ಯೂಟನ್ನರ ಹೆಸರಿನ ಭಾರಕ್ಕೆ ಆ ಮಾತು ಹಿಂದೆ ಸರಿದಿತ್ತು. ಯಂಗ್ ಸೂರ್ಯನ ಒಂದು ಕಿರಣವನ್ನು ಕತ್ತಲ ಕೋಣೆಗೆ ಬಿಟ್ಟು, ಅದಕ್ಕೆ ಅಡ್ಡವಾಗಿ ಕಾಗದದ ಒಂದು ಕಿರಿದಾದ ಪಟ್ಟಿಯನ್ನು ಹಿಡಿದರು. ಪಟ್ಟಿಯ ನೆರಳಿನೊಳಗೇ ಬೆಳಕು ಕತ್ತಲೆಗಳ ಗೆರೆಗಳು ಕಾಣಿಸಿದವು. ಪಟ್ಟಿಯ ಒಂದು ಬದಿಯ ಬೆಳಕನ್ನು ತಡೆದೊಡನೆ ಆ ಗೆರೆಗಳು ಮಾಯವಾದವು. ಒಂದೇ ಮೂಲದಿಂದ ಬಂದ ಬೆಳಕು ಎರಡು ದಾರಿಯಲ್ಲಿ ಸಾಗಿ ಮತ್ತೆ ಕೂಡಿದ್ದರಿಂದಲೇ ಅವು ಮೂಡಿದ್ದವು. 1803ರಲ್ಲಿ ಅವರು ಇದನ್ನು ರಾಯಲ್ ಸೊಸೈಟಿಯ ಮುಂದಿಟ್ಟರು.

ಕೈರೋದ ಕೋಣೆ, ಲಂಡನ್ನಿನ ಕೋಣೆ, ಎರಡರಲ್ಲೂ ಇದ್ದ ಉಪಕರಣ ಒಂದು ರಂಧ್ರ ಮತ್ತು ಹಿರಿಯರ ಮಾತನ್ನೂ ಪರೀಕ್ಷಿಸಿ ನೋಡುವ ಧೈರ್ಯ. ಇಬ್ನ್ ಅಲ್-ಹೈಸಮ್ ಟಾಲೆಮಿಯ ದೋಷಗಳನ್ನು ತೋರಿಸಲೆಂದೇ ಒಂದು ಗ್ರಂಥ ಬರೆದರು. ಮುನ್ನೂರು ವರ್ಷಗಳ ನಂತರ ಕಮಾಲುದ್ದೀನ್ ಅಲ್-ಫಾರಿಸಿ, ಇಬ್ನ್ ಅಲ್-ಹೈಸಮ್‌ರ ಕೃತಿಗೇ ವ್ಯಾಖ್ಯಾನ ಬರೆಯುತ್ತಾ, ನೀರು ತುಂಬಿದ ಗಾಜಿನ ಗೋಳವನ್ನು ಮಳೆಹನಿಯೆಂದು ಭಾವಿಸಿ ಪ್ರಯೋಗ ಮಾಡಿ, ಕಾಮನಬಿಲ್ಲಿನ ಕುರಿತ ಅವರ ವಿವರಣೆಯನ್ನು ತಿದ್ದಿದರು. ಹಿರಿಯರನ್ನು ಗೌರವಿಸುವುದೆಂದರೆ ಹೀಗೆ. ಅವರ ಹೆಸರನ್ನು ಭಾಷಣಗಳಲ್ಲಿ ಉದ್ಧರಿಸುತ್ತಾ, ಅವರ ಕೆಲಸವನ್ನು ಮಾತ್ರ ಕೈಬಿಟ್ಟರೆ ಅದು ಗೌರವವಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ರೂಢಿಯೂ ನಮ್ಮಲ್ಲಿದೆ. ಹೊಸ ಸಿದ್ಧಾಂತವೊಂದು ಪ್ರಸಿದ್ಧವಾದ ಕೂಡಲೇ 'ಇದು ನಮ್ಮ ಪವಿತ್ರ ಗ್ರಂಥದಲ್ಲಿ ಮೊದಲೇ ಇದೆ' ಎಂಬ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡುತ್ತವೆ. ಪವಿತ್ರ ಕುರ್‌ಆನಿನಲ್ಲಿ ಅನ್ನೂರ್ ಎಂಬ ಅಧ್ಯಾಯವಿರುವುದರಿಂದ ಅದರಲ್ಲಿ ಅಲೆ ಸಿದ್ಧಾಂತವನ್ನು ಹುಡುಕುವವರೂ ಇದ್ದಾರೆ. ಸ್ವಲ್ಪ ಆಲೋಚಿಸೋಣ. ಮ್ಯಾಕ್ಸ್‌ವೆಲ್ 1865ರಲ್ಲಿ ಬೆಳಕನ್ನು ವಿದ್ಯುತ್ಕಾಂತೀಯ ಅಲೆಯೆಂದು ವಿವರಿಸಿದಾಗ ಅದೇ ಅಂತಿಮ ಮಾತೆಂದು ತೋರಿತ್ತು. 1905ರಲ್ಲಿ ಐನ್‌ಸ್ಟೈನ್, ಬೆಳಕು ಶಕ್ತಿಯ ಕಣಗಳಂತೆಯೂ ವರ್ತಿಸುತ್ತದೆಂದರು. ಸಿದ್ಧಾಂತಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ. ಅದು ವಿಜ್ಞಾನದ ಗುಣ. ಮಾರ್ಗದರ್ಶನಕ್ಕಾಗಿ ಬಂದ ಗ್ರಂಥವನ್ನು ಅಂತಹ ಸಿದ್ಧಾಂತಗಳಿಗೆ ಕಟ್ಟಿಹಾಕುವವರು ಎರಡಕ್ಕೂ ನ್ಯಾಯ ಒದಗಿಸಿದಂತಾಗುವುದಿಲ್ಲ.

ಇಂತಹ ಕೆಲಸಕ್ಕೆ ಕೈರೋ, ಲಂಡನ್‌ಗಳೇ ಬೇಕೆಂದಿಲ್ಲ. ಸರ್ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು 1935ರ ವೇಳೆಗೆ ನಮ್ಮ ಬೆಂಗಳೂರಿನಲ್ಲೇ, ದ್ರವದಲ್ಲಿ ಸಾಗುವ ಶಬ್ದದ ಅಲೆಗಳು ಬೆಳಕಿನ ಅಲೆಗಳನ್ನು ಹೇಗೆ ಹರಡುತ್ತವೆ ಎಂಬುದನ್ನು ವಿವರಿಸಿದರು. ಅವರ ಸಿದ್ಧಾಂತ ಇಂದಿಗೂ ಅವರ ಹೆಸರಿನಲ್ಲೇ ಪಾಠವಾಗುತ್ತಿದೆ. ನಮ್ಮ ಧಾರವಾಡವಂತೂ ವಿದ್ಯೆಯ ಊರು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನಿಂದ 2016ರ ಐಐಟಿಯವರೆಗೆ ಒಂದು ಶತಮಾನದ ಪರಂಪರೆ ಇಲ್ಲಿದೆ. ಆದರೂ ನಮ್ಮ ಮನೆಗಳ ಎಷ್ಟೋ ಮಕ್ಕಳು ವ್ಯತಿಕರಣದ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಒಂದೇ ಒಂದು ಗೆರೆಯನ್ನೂ ಕಣ್ಣಾರೆ ಕಂಡಿರುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ, ಅಂಕ ಎಷ್ಟೇ ಬಂದರೂ ವಿಜ್ಞಾನವನ್ನು ಮುಂದುವರಿಸುವ ಮಾತು ಬಂದಾಗ ಮನೆಯ ಹಿರಿಯರು ಮೌನವಾಗುವುದನ್ನು ನಾವು ಬಲ್ಲೆವು.

ಆದುದರಿಂದ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇವೆ. ಇಶಾ ನಮಾಝಿನ ನಂತರ ಮನೆಯ ದೀಪ ಆರಿಸಿ. ಅಗ್ಗದ ಕೆಂಪು ಲೇಸರ್ ದೀಪದ ಮುಂದೆ ಒಂದು ತಲೆಗೂದಲನ್ನು ಬಿಗಿಯಾಗಿ ಕಟ್ಟಿ, ಮೂರು ಮೀಟರ್ ದೂರದ ಗೋಡೆಗೆ ಬೆಳಕನ್ನು ಹಾಯಿಸಿ. ಆ ಬೆಳಕು ಯಾರ ಕಣ್ಣಿಗೂ ಬೀಳದಂತೆ ಹಿರಿಯರೇ ಎಚ್ಚರ ವಹಿಸಬೇಕು. ಗೋಡೆಯ ಮೇಲೆ ಕೂದಲಿನ ನೆರಳಿಗೆ ಬದಲಾಗಿ, ಮಧ್ಯದಲ್ಲೊಂದು ಹೊಳಪು, ಅದರ ಎರಡೂ ಬದಿಗೆ ಸಾಲಾಗಿ ಬೆಳಕು ಕತ್ತಲೆಯ ತುಣುಕುಗಳು ಕಾಣಿಸುತ್ತವೆ. ಮಧ್ಯದ ಹೊಳಪನ್ನು ಬಿಟ್ಟು, ಒಂದೇ ಬದಿಯ ಎರಡು ನೆರೆಯ ಕತ್ತಲೆಗಳ ಅಂತರವನ್ನು ಮಗುವೇ ಅಳೆಯಲಿ. ಅದು 28 ಮಿಲಿಮೀಟರ್ ಇದ್ದು, ಲೇಸರಿನ ತರಂಗದೂರ 650 ನ್ಯಾನೋಮೀಟರ್ ಆಗಿದ್ದರೆ, ತರಂಗದೂರವನ್ನು ಗೋಡೆಯ ದೂರದಿಂದ ಗುಣಿಸಿ ಆ ಅಂತರದಿಂದ ಭಾಗಿಸಿದಾಗ ಕೂದಲಿನ ದಪ್ಪ ದೊರೆಯುತ್ತದೆ: ಸುಮಾರು 0.07 ಮಿಲಿಮೀಟರ್. ಸಾಮಾನ್ಯ ಅಳತೆಪಟ್ಟಿಯಿಂದ ಅಳೆಯಲಾಗದುದನ್ನು ಬೆಳಕಿನ ಅಲೆಯಿಂದ ಅಳೆದ ಮಗು ಆ ರಾತ್ರಿಯನ್ನು ಮರೆಯುವುದಿಲ್ಲ.

ನಮ್ಮ ಮುಹಲ್ಲಾಗಳ ಸಂಜೆಯ ತರಗತಿಗಳಲ್ಲಿ, ರಜೆಯ ಶಿಬಿರಗಳಲ್ಲಿ ಇಂತಹ ಕತ್ತಲ ಕೋಣೆಯೊಂದಕ್ಕೆ ಜಾಗ ಮಾಡಿಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ಅಲ್ಲಿ ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳೂ ಇರಲಿ. ಮುಂದಿನ ಮಳೆಯಲ್ಲಿ ಮಗು ರಸ್ತೆಯ ಬಣ್ಣದ ಮುಂದೆ ನಿಂತಾಗ ನಾವೂ ಒಂದು ಕ್ಷಣ ನಿಲ್ಲೋಣ. "ಹೌದು, ಅಲ್ಲಾಹನ ಕುದ್ರತ್. ಅದು ಹೇಗೆಂದು ಬಾ, ನೋಡೋಣ" ಎನ್ನೋಣ.

ಉಪಕಾರಿಯಾದ ಜ್ಞಾನವನ್ನೂ ಅದನ್ನು ಅರಸುವ ತಾಳ್ಮೆಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ.