ಕೋವಿಗೆ ಮನೆಯುಂಟು, ಸಭೆಯಿಲ್ಲ

ಕಳೆದ ಚಳಿಗಾಲದಲ್ಲಿ ಗರಿಯಾಹಾಟಿನಲ್ಲಿ ನಮ್ಮ ಬಳಗದವರೊಬ್ಬರ ಗೃಹಪ್ರವೇಶ. ಊಟ ಮುಗಿದು ಎಲೆ-ಅಡಿಕೆಯ ಹೊತ್ತಿಗೆ ಅತಿಥಿಗಳೊಬ್ಬರು ಸೊಂಟದಿಂದ ರಿವಾಲ್ವರ್ ತೆಗೆದು, ಗುಂಡು ಕಳಚಿ, ಎಲ್ಲರಿಗೂ ತೋರಿಸಿದರು. ಅದು ಕೈಯಿಂದ ಕೈಗೆ ದಾಟುತ್ತ ಎಂಟು ವರ್ಷದ ಹುಡುಗನವರೆಗೂ ಹೋಯಿತು. "ದಯವಿಟ್ಟು ಒಳಗಿಡಿ ಸ್ವಾಮಿ" ಎಂದೆ. "ಪರವಾನಗಿ ಇದೆ" ಎಂದು ನಕ್ಕರು. ಪಕ್ಕದ ಹಿರಿಯರು, "ನಮ್ಮ ಕೊಡಗಿನವರಿಗೆ ಪರವಾನಗಿಯೇ ಬೇಡ. ಕನ್ನಡಿಗರಾಗಿ ಕೋವಿಗೆ ಅಂಜುತ್ತೀರಾ?" ಎಂದು ಕೇಳಿದರು. ಬರುವ ಆಯುಧಪೂಜೆಗೆ ಅದನ್ನು ಸಂಘದ ವೇದಿಕೆಯಲ್ಲೇ ಇಟ್ಟು ಪೂಜಿಸೋಣವೆಂಬ ಸಲಹೆಯೂ ಬಂತು, ಅದಕ್ಕೆ ಚಪ್ಪಾಳೆಯೂ ಬಿತ್ತು. ಅಂದು ಸುಮ್ಮನಾದೆ. ಆ ಮೌನ ಇನ್ನೂ ಚುಚ್ಚುತ್ತಿರುವುದರಿಂದ ಈ ಲೇಖನ.

ಮೊದಲು ಕೊಡಗಿನ ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿಯ ಮೂಲವನ್ನೂ ನೆನೆಯಬೇಕು. 1857ರ ದಂಗೆಯ ತರುವಾಯ ದೇಶದ ಜನರನ್ನು ನಿಶ್ಶಸ್ತ್ರಗೊಳಿಸುತ್ತಿದ್ದ ಬ್ರಿಟಿಷರು, ತಮಗೆ ನಿಷ್ಠರಾಗಿದ್ದರೆಂಬ ಕಾರಣಕ್ಕೆ 1861ರಲ್ಲಿ ಕೊಡವರನ್ನು ಕೈಬಿಟ್ಟರು. ಸರ್ಕಾರದ ಕಾಗದದಲ್ಲಿ ಅದು ನಿಷ್ಠೆಯ ಬಹುಮಾನ. ಅದನ್ನು ಸಂಸ್ಕೃತಿಯನ್ನಾಗಿ ಮಾಡಿಕೊಂಡವರು ಕೊಡವರೇ. ಐನ್‌ಮನೆಯಲ್ಲಿ ಕೋವಿಗೆ ಸ್ಥಾನವಿದೆ. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಅದನ್ನು ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬೆಟ್ಟದಾಚೆಯ ನೆಂಟರಿಗೆ ಅದೇ ಸುದ್ದಿ. ಇಷ್ಟು ಕಟ್ಟಳೆಯ ನಡುವೆ ಇರುವ ಕೋವಿಗೂ ಔತಣದ ಮೇಜಿನಲ್ಲಿ ಮೆರೆಯುವ ರಿವಾಲ್ವರಿಗೂ ಏನು ಸಂಬಂಧ? ಕೊಡವರ ಹೆಸರು ಹೇಳಿ ನಮ್ಮ ಡೌಲನ್ನು ಸಮರ್ಥಿಸುವುದು ಕೊಡವರಿಗೇ ಅವಮಾನ.

ಇನ್ನು ಪರವಾನಗಿಯ ಮಾತು. ಪರವಾನಗಿ ಇದ್ದವನು ಎಲ್ಲಿಗಾದರೂ ಒಯ್ಯಬಹುದೆಂಬುದು ನಮ್ಮಲ್ಲಿ ಬೇರೂರಿದ ಭ್ರಮೆ. 2016ರ ಆಯುಧ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಒರೆಯಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ಝಳಪಿಸುವುದು ನಿಷಿದ್ಧ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ವಿದ್ಯಾಸಂಸ್ಥೆಯ ಆವರಣ, ಇವುಗಳಿಗೆ ವಿಶೇಷ ಅನುಮತಿಯಿಲ್ಲದೆ ಒಯ್ಯಕೂಡದೆಂಬುದು ಪರವಾನಗಿಯ ಷರತ್ತುಗಳಲ್ಲೇ ಬಂದಿರುವ ಮಾತು. ಮದುವೆ, ದೇವಸ್ಥಾನ, ಸಮಾರಂಭಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಇದಕ್ಕೆ ಗಂಭೀರವಾದ ಪ್ರತಿವಾದವೊಂದಿದೆ. ಅದನ್ನು ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದವರು ಎಂಬುದು ನಮಗೆ ವಿಶೇಷ. ಐ.ಸಿ.ಎಸ್. ತೊರೆದು ನೇತಾಜಿಯವರ ಫಾರ್ವರ್ಡ್ ಬ್ಲಾಕ್ ಸೇರಿದ ಹರಿ ವಿಷ್ಣು ಕಾಮತ್, 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ, ಆಯುಧ ಹೊಂದುವುದು ಪ್ರಜೆಯ ಮೂಲಭೂತ ಹಕ್ಕಾಗಲಿ ಎಂದು ತಿದ್ದುಪಡಿ ತಂದರು. 1878ರ ಆಯುಧ ಕಾಯಿದೆ ಯುರೋಪಿಯನ್ನರನ್ನು ಬಿಟ್ಟು ಭಾರತೀಯರ ಕೈಯಿಂದಷ್ಟೇ ಆಯುಧ ಕಸಿದ ಅಪಮಾನ ಆ ತಲೆಮಾರಿಗೆ ಹಸಿಯಾಗಿತ್ತು. ಅವರ ನೋವಿಗೆ ತಲೆಬಾಗುತ್ತೇನೆ. ಆದರೂ ಕಾಮತರು ಕೇಳಿದ್ದು ಕಾನೂನಿನ ಕಟ್ಟುಪಾಡಿಗೆ ಒಳಪಟ್ಟ ಹಕ್ಕನ್ನೇ. ಸಭೆ ಅದನ್ನೂ ತಿರಸ್ಕರಿಸಿತು. ಬದಲಾಗಿ 19ನೆಯ ವಿಧಿಯಲ್ಲಿ ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು ಕೊಟ್ಟಿತು. "ಆಯುಧಗಳಿಲ್ಲದೆ" ಎಂಬುದು ಆ ಹಕ್ಕಿನ ಜೀವ. ಕೋವಿ ಇರುವ ಕಡೆ ಮಾತಾಡುವವನು ಅದರತ್ತ ಒಂದು ಕಣ್ಣಿಟ್ಟೇ ಮಾತಾಡುತ್ತಾನೆ.

ಅಮೆರಿಕದ ಜಾರ್ಜಿಯಾ ರಾಜ್ಯ 2014ರ ಕಾಯಿದೆಯಲ್ಲಿ ಬಾರುಗಳಿಗೂ, ಚರ್ಚು ಒಪ್ಪಿದರೆ ಚರ್ಚಿಗೂ, ಪರವಾನಗಿದಾರ ಬಂದೂಕು ತರಬಹುದೆಂದಿತು. ಸ್ವರಕ್ಷಣೆಗೆ ಇದೇ ದಾರಿ ಎನ್ನುವವರು ದುರ್ಗಾಪೂಜೆಯ ಸಂಜೆ ಗರಿಯಾಹಾಟ್ ಚೌಕದಿಂದ ಏಕಡಾಲಿಯಾ ಪೆಂಡಾಲಿನವರೆಗೆ ಒಮ್ಮೆ ನಡೆದುಬರಲಿ. ಹೆಗಲಿಗೆ ಹೆಗಲು ತಾಗುವ ಆ ಜನಸಾಗರದಲ್ಲಿ ಸಜ್ಜನನ ಗುಂಡು ದುರ್ಜನನನ್ನೇ ಹುಡುಕಿಕೊಂಡು ಹೋಗುವುದೆ? ಒಂದು ಸದ್ದು ಸಾಕು. ಗುಂಡಿಗಿಂತ ಕಾಲ್ತುಳಿತಕ್ಕೇ ಹೆಚ್ಚು ಜನ ಬಲಿಯಾದಾರು. ಆ ಜನಸಂದಣಿಯಲ್ಲಿ ನಾವು ಮಕ್ಕಳ ಕೈ ಹಿಡಿದು ನಿರ್ಭಯವಾಗಿ ನಡೆಯುವುದು ಪಕ್ಕದವನ ಸೊಂಟದಲ್ಲಿ ಏನೂ ಇಲ್ಲವೆಂಬ ನಂಬಿಕೆಯಿಂದ. ಹೊರನಾಡಿನಲ್ಲಿ ಬಾಳುವ ನಮಗೆ ಆ ನಂಬಿಕೆಯೇ ಆಸ್ತಿ.

ಆದಕಾರಣ ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ನಿವೇದನೆ ಇಷ್ಟೆ. ನಮ್ಮ ಯಾವ ಸಭೆ, ಉತ್ಸವ, ಔತಣಕ್ಕೂ ಪರವಾನಗಿ ಇರಲಿ ಬಿಡಲಿ ಬಂದೂಕು ಬರಕೂಡದೆಂಬ ನಿರ್ಣಯ ಮಾಡಿ. ಆಯುಧಪೂಜೆಗೆ ಲೇಖನಿ, ತಕ್ಕಡಿ, ಹೊಲಿಗೆ ಯಂತ್ರ, ನಮ್ಮ ಗ್ರಂಥಾಲಯದ ಹಳೆಯ ನಿಘಂಟು ಸಾಕು. ನಿರ್ಣಯವಾಗದಿದ್ದರೆ ಆ ದಿನ ವೇದಿಕೆಯ ಎದುರು ಒಂದು ಕುರ್ಚಿ ಖಾಲಿ ಇರುತ್ತದೆ. ಅದು ಅಂಜಿಕೆಯಿಂದ ಖಾಲಿಯಾದುದಲ್ಲ ಎಂಬುದನ್ನು ಆ ಹಿರಿಯರಿಗೆ ತಿಳಿಸುವ ಕೃಪೆ ಮಾಡಿ.