ಯಂತ್ರಕ್ಕೆ ಹಣವಿದೆ, ಕಣ್ಣಿಗೆ ಇಲ್ಲವೇ?



ಮಳೆ ಹಿಂದೆಗೆಯುವ ಹೊತ್ತಿಗೆ ಹಿಂದೆಲ್ಲ ನಮ್ಮ ತೋಟಗಳಲ್ಲಿ ಕೇಳುತ್ತಿದ್ದುದು ಕತ್ತಿಯ ಸದ್ದು ಮತ್ತು ಕೆಲಸದವರ ಮಾತು. ಈಗ ಗುಡ್ಡದ ಮೇಲೆ ನಿಂತು ಕಿವಿಗೊಟ್ಟರೆ ನಾಲ್ಕು ದಿಕ್ಕಿನಿಂದ ಎಂಜಿನ್ನಿನ ಕೂಗೇ ಕೇಳುತ್ತದೆ. ಒಂದು ಕಡೆ ಕಳೆ ಹೊಡೆಯುವ ಯಂತ್ರ, ಇನ್ನೊಂದು ಕಡೆ ಮರ ಕೊಯ್ಯುವ ಗರಗಸ, ಅಡಿಕೆ ಕೊಯ್ಲು ಶುರುವಾದರೆ ಮನೆಯ ಹಿಂದಿನ ಮಾಡಿನಲ್ಲಿ ಸುಲಿಯುವ ಯಂತ್ರ. ಇದರ ಬಗ್ಗೆ ನನಗೆ ದೂರಿಲ್ಲ. ಕೆಲಸಕ್ಕೆ ಜನ ಸಿಗದ ಈ ದಿನಗಳಲ್ಲಿ ಎರಡು ಎಕರೆ, ಮೂರು ಎಕರೆಯ ನಮ್ಮಂಥವರ ತೋಟ ಹಾಳು ಬೀಳದೆ ಉಳಿದಿರುವುದು ಈ ಯಂತ್ರಗಳಿಂದಲೇ. ಆದರೆ ಯಂತ್ರವನ್ನು ಮನೆಗೆ ತಂದ ನಾವು ಅದರೊಂದಿಗೆ ತರಬೇಕಾದ ಎಚ್ಚರಿಕೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೇವೆ. ಈ ಮಾತನ್ನು ಯಾರಿಗೋ ಬೆರಳು ತೋರಿಸಿ ಬರೆಯುತ್ತಿಲ್ಲ. ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

ಆರು ವರ್ಷದ ಹಿಂದೆ ನಾನು ಮೊದಲ ಕಳೆಯಂತ್ರ ಕೊಂಡೆ. ನಮ್ಮಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕಿದ್ದ ಒಬ್ಬರು ಅದನ್ನು ಎರಡೇ ದಿನದಲ್ಲಿ ಕಲಿತರು. ಮೂರನೆಯ ದಿನ ಬಂದು, "ಅಯ್ಯಾ, ಈ ಗಾರ್ಡಿಗೆ ಹಸಿ ಹುಲ್ಲು ಸುತ್ತಿಕೊಳ್ತದೆ, ಕೆಲಸ ಓಡೋದಿಲ್ಲ" ಎಂದರು. ನಾನು ಒಂದು ಕ್ಷಣವೂ ಯೋಚಿಸದೆ ಸ್ಪ್ಯಾನರು ತಂದು, ನನ್ನ ಕೈಯಾರೆ ಗಾರ್ಡನ್ನು ಬಿಚ್ಚಿ ಅಟ್ಟದ ಮೇಲೆ ಎಸೆದೆ. ಕೆಲಸ ಚೆನ್ನಾಗಿಯೇ ಓಡಿತು. ಒಂದು ವಾರ ಕಳೆದ ಮೇಲೆ, ರಸ್ತೆ ಬದಿಯ ಬೇಲಿ ಸಾಲಿನಲ್ಲಿ ಹುಲ್ಲು ಹೊಡೆಯುತ್ತಿದ್ದಾಗ, ಯಾರೋ ದಾರಿಹೋಕರು ಎಸೆದಿದ್ದ ಬಾಟಲಿಗೆ ಬ್ಲೇಡು ತಾಗಿತು. ಗಾಜಿನ ಚೂರು ನೇರವಾಗಿ ಅವರ ಬಲಗಣ್ಣಿಗೆ ಹೊಕ್ಕಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಆಸ್ಪತ್ರೆಯಿಂದ ಮರಳಿದ ದಿನ ಯಂತ್ರದ ಪೆಟ್ಟಿಗೆ ತೆಗೆದು ನೋಡಿದೆ. ಯಂತ್ರದೊಂದಿಗೆ ಬಂದಿದ್ದ ಕನ್ನಡಕ ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇತ್ತು. ನಾವಿಬ್ಬರೂ ಅದನ್ನು ತೆರೆದೇ ಇರಲಿಲ್ಲ.

ಅವರು ಇಂದಿಗೂ ನಮ್ಮಲ್ಲೇ ಇದ್ದಾರೆ. ಕಣದಲ್ಲಿ ಕಾಫಿ ಹರವುವಾಗ ಬಲಗಡೆ ಯಾರಾದರೂ ಬಂದು ನಿಂತರೆ ಅವರಿಗೆ ತಿಳಿಯುವುದಿಲ್ಲ, ತಲೆಯನ್ನೇ ಪೂರ್ತಿ ತಿರುಗಿಸಿ ನೋಡಬೇಕು. ಒಂದು ದಿನವೂ ನನ್ನನ್ನು ದೂರಲಿಲ್ಲ. "ಹಣೆಬರಹ ಅಯ್ಯಾ" ಎಂದರು. ಅವರು ಹಾಗೆನ್ನಬಹುದು, ಅದು ಅವರ ದೊಡ್ಡ ಮನಸ್ಸು. ನಾನು ಹಾಗೆನ್ನುವಂತಿಲ್ಲ. ಗಾರ್ಡು ಬಿಚ್ಚಿದ ಕೈ ನನ್ನದು.

ನಮ್ಮ ಸುತ್ತಮುತ್ತ ಇಂಥ ಅವಘಡ ನಡೆದಾಗಲೆಲ್ಲ "ಅವನಿಗೆ ಎಚ್ಚರ ಇರಲಿಲ್ಲ" ಎಂದು ಹೇಳಿ ಮುಗಿಸುವುದು ರೂಢಿಯಾಗಿದೆ. ನನ್ನ ವಾದವಿಷ್ಟೇ: ಯಂತ್ರದ ಎಚ್ಚರಿಕೆ ಮಾಲೀಕನ ಜವಾಬ್ದಾರಿ. ಯಂತ್ರ ಹಿಡಿದವನ ಜಾಗರೂಕತೆ ಅದರ ನಂತರದ್ದು. ಇದನ್ನು ಒಪ್ಪದವರು ಮೊದಲು ಯಂತ್ರದ ಬಲವೆಷ್ಟೆಂದು ಲೆಕ್ಕ ಹಾಕಿ ನೋಡಲಿ.

ಕಳೆಯಂತ್ರದ ಹತ್ತು ಅಂಗುಲದ ಬ್ಲೇಡು ನಿಮಿಷಕ್ಕೆ ೭,೦೦೦ ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಆಗ ಅದರ ಅಂಚು ಸೆಕೆಂಡಿಗೆ ೯೦ ಮೀಟರಿಗೂ ಹೆಚ್ಚು, ಅಂದರೆ ಗಂಟೆಗೆ ೩೦೦ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಸಾಗುತ್ತಿರುತ್ತದೆ. ಆ ಅಂಚಿಗೆ ತಾಗಿದ ಕಲ್ಲು, ತಂತಿ ಚೂರು, ಗಾಜು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ತಾಗುತ್ತದೆ. ತಪ್ಪಿಸಿಕೊಳ್ಳಲು ಯಾವ ಜಾಗರೂಕನಿಗೂ ಸಾಧ್ಯವಿಲ್ಲ. ಅದಕ್ಕಾಗಿಯೇ ಗಾರ್ಡು ಇರುವುದು. ಗಾರ್ಡು ಎಲ್ಲವನ್ನೂ ತಡೆಯುವುದಿಲ್ಲವಾದ್ದರಿಂದ ಕನ್ನಡಕ ಇರುವುದು. ಎರಡೂ ಪಕ್ಕದವರನ್ನು ಕಾಯುವುದಿಲ್ಲವಾದ್ದರಿಂದ ಯಂತ್ರದ ಸುತ್ತ ೧೫ ಮೀಟರು, ಎಂದರೆ ಐವತ್ತು ಅಡಿಯೊಳಗೆ ಯಾರೂ ಇರಬಾರದೆಂದು ತಯಾರಕರ ಕೈಪಿಡಿಗಳು ಹೇಳುತ್ತವೆ. ನಮ್ಮಲ್ಲಿ ಒಬ್ಬ ಯಂತ್ರ ಹಿಡಿದರೆ ಇನ್ನೊಬ್ಬ ಹತ್ತೇ ಅಡಿಯಲ್ಲಿ ಕಡಿದ ಹುಲ್ಲನ್ನು ಗಿಡದ ಬುಡಕ್ಕೆ ಎಳೆಯುತ್ತಿರುತ್ತಾನೆ. ಚಹಾ ತಂದ ಮಕ್ಕಳು ಬೆನ್ನ ಹಿಂದೆ ಬಂದು ನಿಂತಿರುತ್ತವೆ. ಯಂತ್ರದ ಸದ್ದಿನಲ್ಲಿ ಅವನಿಗೆ ಅದು ಕೇಳುವುದೂ ಇಲ್ಲ.

ಬ್ಲೇಡಿನ ವಿಷಯದಲ್ಲೂ ನಮ್ಮ ಉಳಿತಾಯ ಬುದ್ಧಿ ಅಪಾಯ ತರುತ್ತದೆ. ಸೀಳು ಬಿಟ್ಟ ಬ್ಲೇಡಿಗೆ ಬೆಸುಗೆ ಹಾಕಿಸುವುದು, ಹಳೆಯ ಗರಗಸದ ತಗಡಿನಿಂದ ಬ್ಲೇಡು ಮಾಡಿಸುವುದು, ಇವು ಹಣ ಉಳಿಸುವ ಕೆಲಸಗಳಲ್ಲ. ಅಡಿಕೆ ಮರದ ಬುಡ, ಕಾಫಿ ಗಿಡದ ಬುಡ, ಕಲ್ಲು ಹೆಚ್ಚಿರುವ ಕಡೆ ನೈಲಾನ್ ದಾರ ಬಳಸಿದರೆ ಗಿಡಕ್ಕೂ ಕ್ಷೇಮ, ಬ್ಲೇಡು ಮುರಿದು ಹಾರುವ ಭಯವೂ ಇಲ್ಲ. ಆದರೆ ದಾರವೂ ಕಲ್ಲು ಹಾರಿಸುತ್ತದೆ, ಆದ್ದರಿಂದ ಗಾರ್ಡು ಮತ್ತು ಕನ್ನಡಕ ಆಗಲೂ ಬೇಕು. ಸಿಕ್ಕಿಕೊಂಡ ಹುಲ್ಲು ತೆಗೆಯುವಾಗ ಎಂಜಿನ್ನು ಆರಿಸಿ, ಬ್ಲೇಡು ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು. ಬ್ಲೇಡು ಬದಲಿಸುವಾಗ ಪ್ಲಗ್ಗಿನ ವೈರನ್ನೂ ಕಿತ್ತಿಡಬೇಕು. ಬಿಸಿ ಎಂಜಿನ್ನಿಗೆ ಪೆಟ್ರೋಲು ಹೊಯ್ಯುವುದು, ಬಾಯಲ್ಲಿ ಬೀಡಿ ಇಟ್ಟುಕೊಂಡು ಹೊಯ್ಯುವುದು, ಇದರ ಬಗ್ಗೆ ಬರೆಯಬೇಕಾಗಿ ಬಂದದ್ದೇ ನಾಚಿಕೆಯ ಮಾತು. ಆದರೂ ದಿನವೂ ಕಣ್ಣಾರೆ ನೋಡುತ್ತಿದ್ದೇವೆ.

ಮರಗಸಿಯ ಕಾಲದಲ್ಲಿ ಗರಗಸ ಯಂತ್ರದ ಕತೆ ಇದಕ್ಕಿಂತ ಕೆಟ್ಟದ್ದು. ಅದರ ಸರಪಣಿ ಸೆಕೆಂಡಿಗೆ ಸುಮಾರು ೨೦ ಮೀಟರು ಓಡುತ್ತದೆ. ಪಟ್ಟಿಯ ತುದಿಯ ಮೇಲ್ಭಾಗ ಕೊಂಬೆಗೋ ದಿಮ್ಮಿಗೋ ತಾಗಿದರೆ ಯಂತ್ರ ಒಮ್ಮೆಲೇ ಮೇಲಕ್ಕೂ ಹಿಂದಕ್ಕೂ ಚಿಮ್ಮಿ, ಹಿಡಿದವನ ಮುಖ, ಕತ್ತು, ಹೆಗಲ ಕಡೆಗೇ ಬರುತ್ತದೆ. ಮುಂದಿನ ಹಿಡಿಕೆಯ ಎದುರಿಗಿರುವ ತಡೆ ಇದಕ್ಕಾಗಿಯೇ ಇರುವ ಬ್ರೇಕು. ಅದು ಸಡಿಲವಾಗಿದ್ದರೆ, ಮುರಿದಿದ್ದರೆ ಆ ಯಂತ್ರವನ್ನು ಅಂದು ಮುಟ್ಟಬಾರದು. ಎಡಗೈ ಹೆಬ್ಬೆರಳು ಹಿಡಿಕೆಯನ್ನು ಸುತ್ತಿರಬೇಕು. ಹೆಗಲಿನ ಮಟ್ಟಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಕೊಯ್ಯುವುದನ್ನು ನಾವು ಸಾಹಸವೆಂದು ಹೊಗಳುತ್ತೇವೆ. ಅದು ಸಾಹಸವಲ್ಲ, ಒಂದು ಮನೆಯ ದೀಪವನ್ನು ಗಾಳಿಗೆ ಒಡ್ಡುವುದು. ನೆಲದ ಮೇಲೆ ಮರ ಕೆಡಹುವಾಗಲೂ ಓಡಿ ಪಾರಾಗಲು ಹಿಂದಕ್ಕೆ ಓರೆಯಾಗಿ ಒಂದು ದಾರಿಯನ್ನು ಮೊದಲೇ ಸವರಿಟ್ಟುಕೊಂಡು, ಆಮೇಲೆ ಎಂಜಿನ್ನು ಎಳೆಯಬೇಕು.

ಇನ್ನು ಅಡಿಕೆ ಸುಲಿಯುವ ಯಂತ್ರ. ಅದು ಮನೆಯಂಗಳದಲ್ಲೇ ಇರುವುದರಿಂದ ನಮಗೆ ಭಯವೇ ಇಲ್ಲ. ಗ್ರೀಸು ಹಾಕಲು ಬಿಚ್ಚಿದ ಬೆಲ್ಟಿನ ಮುಚ್ಚಳ ಮರಳಿ ಕೂರುವುದೇ ಇಲ್ಲ. ಅದರ ಮುಂದೆ ಕೂರುವವರು ಹೆಚ್ಚಾಗಿ ಮನೆಯ ಹೆಂಗಸರು. ಸೆರಗು, ಇಳಿಬಿಟ್ಟ ಜಡೆ, ಕೊರಳ ಶಾಲು, ಗಂಡಸರ ಪಂಚೆಯ ತುದಿ, ಎಲ್ಲವನ್ನೂ ಆ ಬೆಲ್ಟು ಎಳೆದುಕೊಳ್ಳಬಲ್ಲದು. ಸ್ವಿಚ್ಚು ಕೂತವರ ಕೈಗೆಟುಕುವಲ್ಲಿ ಇರಬೇಕು, ಗೋಡೆಯ ಆ ಮೂಲೆಯಲ್ಲಿ ಅಲ್ಲ. ಸಿಕ್ಕಿಕೊಂಡ ಕಾಯಿಯನ್ನು ಸ್ವಿಚ್ಚು ಆರಿಸಿಯೇ ತೆಗೆಯಬೇಕು. ನೆಲ ಒದ್ದೆಯಿರುವ ನಮ್ಮ ಮಾಡುಗಳಲ್ಲಿ ಮೋಟಾರಿಗೆ ಸರಿಯಾದ ಅರ್ಥಿಂಗ್ ಮತ್ತು ೩೦ ಮಿಲಿ ಆಂಪಿಯರಿಗೆ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ. ಇರಲೇಬೇಕು. ಫ್ಯೂಸು ಮೋಟಾರನ್ನು ಉಳಿಸುತ್ತದೆ. ಮನುಷ್ಯನನ್ನು ಉಳಿಸುವುದು ಈ ಸಣ್ಣ ಪೆಟ್ಟಿಗೆ.

ಈ ಮಾತೆಲ್ಲ ಹೇಳಿದಾಗ ನೆರೆಯವರು ಕೆಲವು ಆಕ್ಷೇಪ ಎತ್ತುತ್ತಾರೆ. ಅವು ಸುಳ್ಳಲ್ಲ, ಉತ್ತರ ಕೊಡಬೇಕಾದ ಮಾತುಗಳೇ.

ಕನ್ನಡಕಕ್ಕೆ ಬೆವರಿನಿಂದ ಮಬ್ಬು ಕಟ್ಟುತ್ತದೆ ಎನ್ನುತ್ತಾರೆ. ನಿಜ. ಗಾಳಿಯಾಡಲು ಪಕ್ಕದಲ್ಲಿ ಕಿಂಡಿಯಿರುವ ಕನ್ನಡಕ ಸಿಗುತ್ತದೆ. ಮುಖಕ್ಕೆ ಇಳಿಬಿಡುವ ತಂತಿಬಲೆಯ ಪರದೆಗೆ ಮಬ್ಬು ಹಿಡಿಯುವುದಿಲ್ಲ. ಆದರೆ ಬಲೆಯೊಂದೇ ಸಣ್ಣ ಚೂರನ್ನು ತಡೆಯದು, ಒಳಗೆ ಕನ್ನಡಕ ಇದ್ದರೇ ಕ್ಷೇಮ. ಅರ್ಧ ಗಂಟೆಗೊಮ್ಮೆ ಯಂತ್ರ ಇಳಿಸಿ ಒರೆಸಿಕೊಳ್ಳಲು ಬಿಡುವು ಕೊಟ್ಟರೆ ಕಣ್ಣಿಗೂ ಒಳ್ಳೆಯದು, ಅದುರಿಕೆಯಿಂದ ಜೋಮು ಹಿಡಿಯುವ ಕೈಬೆರಳುಗಳಿಗೂ ಒಳ್ಳೆಯದು.

ಕಿವಿಗೆ ಏತಕ್ಕೆ, ಸದ್ದಿನಿಂದ ಯಾರೂ ಸಾಯುವುದಿಲ್ಲ ಎನ್ನುತ್ತಾರೆ. ೮೫ ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು, ೧೦೦ ಡೆಸಿಬಲ್ ಆದರೆ ಕಾಲು ಗಂಟೆ ಮಾತ್ರ ಎಂಬುದು ಔದ್ಯೋಗಿಕ ಆರೋಗ್ಯ ಬಲ್ಲವರ ಲೆಕ್ಕ. ಗರಗಸ ಯಂತ್ರದ ಸದ್ದು ಆ ನೂರನ್ನೂ ದಾಟುತ್ತದೆ. ಹೀಗೆ ಹೋದ ಕಿವಿ ಯಾವ ಔಷಧಿಗೂ ಮರಳುವುದಿಲ್ಲ.

ಕೊಟ್ಟರೂ ಹಾಕಿಕೊಳ್ಳುವುದಿಲ್ಲ ಎಂಬುದು ಮೂರನೆಯ ಮಾತು. ನಾವು ಹಾಕಿಕೊಳ್ಳದೆ ಅವರಿಗೆ ಹೇಳಿದರೆ ಅವರು ಏಕೆ ಕೇಳಬೇಕು? ಮಾಲೀಕನೂ ಮೇಸ್ತ್ರಿಯೂ ಮೊದಲು ಹಾಕಿಕೊಳ್ಳಲಿ. ಗಾರ್ಡಿಲ್ಲದೆ ಎಂಜಿನ್ನು ಎಳೆಯಬಾರದೆಂದು ಒಂದು ದಿನದ ಕೆಲಸ ನಿಲ್ಲಿಸಿ ನೋಡಲಿ. ಎರಡನೆಯ ದಿನ ಯಾರಿಗೂ ಹೇಳಬೇಕಾಗುವುದಿಲ್ಲ.

ನಾಲ್ಕನೆಯದು ಈಗಿನ ಕಾಲದ ಮಾತು: ಯಂತ್ರ ಅವನದು, ದಿನದ ಲೆಕ್ಕಕ್ಕೆ ಬಂದವನು, ನಮಗೇನು? ತೋಟ ನಮ್ಮದು. ಬೇಲಿ ಸಾಲಿನಲ್ಲಿ ಬಾಟಲಿ ಇದೆಯೆಂದು, ಹುಲ್ಲಿನಡಿ ಹಳೆಯ ತಂತಿ ಬಿದ್ದಿದೆಯೆಂದು ತಿಳಿದವರು ನಾವು. ಯಂತ್ರ ಬರುವ ಹಿಂದಿನ ದಿನ ಆ ಜಾಗವನ್ನು ನಡೆದು ಹೆಕ್ಕಿಸಿಡುವುದು ನಮ್ಮ ಕರ್ತವ್ಯ. ಕೆಲಸದಲ್ಲಿ ಪೆಟ್ಟಾದರೆ ಕೆಲಸ ಕೊಟ್ಟವನು ಪರಿಹಾರಕ್ಕೆ ಹೊಣೆ ಎಂಬ ತತ್ವ ನಮ್ಮ ದೇಶದ ಕಾನೂನಿಗೆ ೧೯೨೩ರಲ್ಲೇ ಬಂದಿದೆ. ಕಾಯಿದೆಗಳ ಹೆಸರು ಬದಲಾಗಿರಬಹುದು, ತತ್ವ ಬದಲಾಗಿಲ್ಲ. ಕಾನೂನಿಗಿಂತ ಮೊದಲು, ನಮ್ಮ ಮನೆಯ ಅನ್ನ ಉಂಡು ದುಡಿಯುವವರ ಬಗ್ಗೆ ನಮಗಿರಬೇಕಾದ ಮರ್ಯಾದೆಯ ಪ್ರಶ್ನೆ ಇದು.

ಇದು ನಮ್ಮ ಮಲೆನಾಡಿನದೊಂದೇ ಪಾಡಲ್ಲ. ಹಸಿರು ಕ್ರಾಂತಿಯ ಬೆನ್ನಿಗೆ ಉತ್ತರ ಭಾರತದ ಹಳ್ಳಿಗಳಲ್ಲಿ ಗೋಧಿ ಒಕ್ಕುವ ಯಂತ್ರಗಳು ಬಂದಾಗ ಅನೇಕರು ಕೈ ಕಳೆದುಕೊಂಡರು. ಅಲ್ಲಿಯೂ ನಿದ್ದೆ, ಅಮಲು, ಅಜಾಗ್ರತೆ ಎಂಬ ಕಾರಣಗಳೇ ಮೊದಲು ಕೇಳಿಬಂದವು. ಕೈ ಒಳಗಿನ ಉರುಳೆಗೆ ಎಟುಕದಂತೆ ತೆನೆ ಒಡ್ಡುವ ಬಾಯಿಯನ್ನು ಉದ್ದ ಮಾಡಿ ಮುಚ್ಚಬೇಕೆಂಬುದು ಆಮೇಲೆ ತಿಳಿಯಿತು. ೧೯೮೩ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿದಾಗ ಮುಖ್ಯವಾಗಿ ಕಣ್ಣ ಮುಂದಿದ್ದುದು ಈ ಒಕ್ಕಣೆ ಯಂತ್ರವೇ. ಮನುಷ್ಯ ದಣಿಯುತ್ತಾನೆ, ಮರೆಯುತ್ತಾನೆ. ಅವನು ಮರೆತಾಗಲೂ ಕಾಯುವಂತೆ ಯಂತ್ರ ಇರಬೇಕು ಎಂಬುದೇ ಅಲ್ಲಿಂದ ನಾವು ಕಲಿಯಬೇಕಾದ ಪಾಠ. ಗಾರ್ಡು ಬಿಚ್ಚಿದವನು ಆ ಪಾಠವನ್ನೇ ಬಿಚ್ಚಿ ಎಸೆದಂತೆ.

ಕೊನೆಯದಾಗಿ ನಮ್ಮ ಸಂಘದ ಆಡಳಿತ ಮಂಡಳಿಗೆ ಮತ್ತು ಸದಸ್ಯರಿಗೆ ನನ್ನ ನಾಲ್ಕು ಸೂಚನೆಗಳು. ಒಂದು, ಸಂಘದ ಮಳಿಗೆಯಲ್ಲಿ ಯಂತ್ರ ಮಾರುವುದಾದರೆ ಕನ್ನಡಕ, ಕಿವಿಮುಚ್ಚಳ, ಗಟ್ಟಿ ಬೂಟು ಸೇರಿಸಿಯೇ ಮಾರಬೇಕು, ಬೇಡವೆಂದವರಿಗೆ ಯಂತ್ರವನ್ನೂ ಕೊಡಬಾರದು. ಎರಡು, ಗರಗಸ ಹಿಡಿಯುವವರು ತೊಡುವ ಕಾಲುಕವಚ, ಶಿರಸ್ತ್ರಾಣ ಸಣ್ಣ ಬೆಳೆಗಾರನಿಗೆ ದುಬಾರಿ. ಸಂಘವೇ ಕೆಲವು ಜೊತೆ ಕೊಂಡು ದಿನಬಾಡಿಗೆಗೆ ಕೊಡಲಿ. ಮೂರು, ಪ್ರತಿ ವರ್ಷ ಮರಗಸಿಗೆ ಮುಂಚೆ ಒಂದು ದಿನದ ತರಬೇತಿ ಇಡಲಿ. ಅದಕ್ಕೆ ಮಾಲೀಕರು ಮಾತ್ರ ಬಂದು ಊಟ ಮಾಡಿ ಹೋಗುವುದಲ್ಲ, ಯಂತ್ರ ಹಿಡಿಯುವವರಿಗೆ ಅಂದಿನ ಕೂಲಿ ಕೊಟ್ಟು ಕಳುಹಿಸಬೇಕು. ನಾಲ್ಕು, ವಾರ್ಷಿಕ ಮಹಾಸಭೆಯಲ್ಲಿ ಆ ವರ್ಷ ನಡೆದ ಅವಘಡಗಳನ್ನು ಹೆಸರು ಹೇಳದೆ, ಕಾರಣ ಮಾತ್ರ ಹೇಳಿ ಓದಬೇಕು. ಬೆಲೆ ಇಳಿದದ್ದನ್ನು, ಕೊಳೆರೋಗ ಬಂದದ್ದನ್ನು ಮುಚ್ಚಿಡದ ನಾವು ಇದನ್ನೇಕೆ ಮುಚ್ಚಿಡಬೇಕು?

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ಪಾಲಿಗೆ ನಿಜವಾಯಿತು. ಅಟ್ಟದಿಂದ ಇಳಿಸಿದ ಆ ಗಾರ್ಡು ಈಗ ಯಂತ್ರದಲ್ಲಿದೆ. ಹಸಿ ಹುಲ್ಲು ಸುತ್ತಿಕೊಂಡಾಗ ಎಂಜಿನ್ನು ಆರಿಸಿ ಬಿಡಿಸುತ್ತೇವೆ. ದಿನಕ್ಕೆ ಒಟ್ಟು ಅರ್ಧ ಗಂಟೆ ಹೋಗಬಹುದು. ಇದನ್ನು ಓದಿದ ನೀವು ನಾಳೆ ಬೆಳಿಗ್ಗೆ ಕೆಲಸದವರು ಬರುವ ಮುನ್ನ ನಿಮ್ಮ ಅಟ್ಟವನ್ನೂ ಒಮ್ಮೆ ಹತ್ತಿ ನೋಡಿ ಎಂದು ವಿನಂತಿಸುತ್ತೇನೆ.

— ಒಬ್ಬ ಸದಸ್ಯ ಬೆಳೆಗಾರ